ಅರ್ಧಕ್ಕೆ ಎದ್ದು ಹೋಗುತ್ತಿದ್ದವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಾರ್ಜ್ ಜೀನ್ ನೇಥನ್ ಅವರಿಗೆ,

ನೀವು ತೀರಿಕೊಂಡದ್ದು 1958ರ ಏಪ್ರಿಲ್ 8ರಂದು. ಈ ಪತ್ರ ನಿಮ್ಮ ಕೈ ಸೇರುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಯಾಕೆಂದರೆ ಅಮೆರಿಕದ ರಂಗವಿಮರ್ಶಕರಾಗಿದ್ದ ನಿಮ್ಮ ಬಗ್ಗೆ ಜನ ಈಗಲೂ ಹೇಳುವುದು ನಿಮ್ಮ ನಾಲಿಗೆಯ ಕಥೆಯನ್ನೇ. ನಾಟಕ ಹಿಡಿಸದಿದ್ದರೆ ಅರ್ಧಕ್ಕೆ ಎದ್ದು ಹೋಗುತ್ತಿದ್ದಿರಂತೆ. 'ಆಲ್ ಅಬೌಟ್ ಈವ್' ಚಿತ್ರದ ವಿಷ ಕಾರುವ ವಿಮರ್ಶಕನಿಗೆ ನೀವೇ ಮಾದರಿಯಂತೆ. ಇರಬಹುದು. ನಾನು ಋಣಿಯಾಗಿರುವುದು ನೀವು ಸಂಪಾದಕರಾಗಿ ಕೂತ ಮೇಜಿಗೆ.

1914ರಲ್ಲಿ ನೀವೂ ಎಚ್. ಎಲ್. ಮೆಂಕೆನ್ ಅವರೂ 'ದಿ ಸ್ಮಾರ್ಟ್ ಸೆಟ್' ಪತ್ರಿಕೆಯನ್ನು ವಹಿಸಿಕೊಂಡಾಗ ಪೆಟ್ಟಿಗೆಯಲ್ಲಿ ದುಡ್ಡಿರಲಿಲ್ಲ. ಅದನ್ನು ಉಳಿಸಲೆಂದೇ 'ಬ್ಲ್ಯಾಕ್ ಮಾಸ್ಕ್'ನಂಥ ಅಗ್ಗದ ರೋಚಕ ಪತ್ರಿಕೆಗಳನ್ನು ಹುಟ್ಟುಹಾಕಿ, ಮಾರಿದಿರಿ. ಹಾಗೆ ಉಳಿದ ಪುಟಗಳಲ್ಲೇ ಅಮೆರಿಕದ ಓದುಗರು 1915ರಲ್ಲಿ ಜೇಮ್ಸ್ ಜಾಯ್ಸ್‌ನ ಕಥೆಗಳನ್ನು ಕಂಡರು. 1919ರಲ್ಲಿ ಫಿಟ್ಸ್‌ಜೆರಾಲ್ಡ್ ಎಂಬ ಹುಡುಗನ ಕಥೆಗೆ ನೀವು ಕೊಟ್ಟದ್ದು 30 ಡಾಲರ್. ಕಥೆ ಮಾರಿ ಅವನು ಕಂಡ ಮೊದಲ ಸಂಪಾದನೆ ಅದು.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು 1917ಕ್ಕೆ. ಹಡಗಿನಲ್ಲಿ ದುಡಿದು ಬಂದಿದ್ದ ನಾಟಕಕಾರ ಯೂಜೀನ್ ಓನೀಲ್ ಮೂರು ಏಕಾಂಕಗಳನ್ನು ಮೆಂಕೆನ್ ಅವರಿಗೆ ಕಳಿಸಿದ. ಮೆಂಕೆನ್ ಮೆಚ್ಚಿ ನಿಮಗೆ ದಾಟಿಸಿದರು. ಸ್ವೀಡನ್ನಿನ ಹೊಲಕ್ಕೆ ಮರಳಬೇಕೆಂದು ಹಂಬಲಿಸುವ ಓಲ್ಸನ್ ಎಂಬ ನಾವಿಕನನ್ನು ಲಂಡನ್ನಿನ ಹೆಂಡದಂಗಡಿಯಲ್ಲಿ ಮತ್ತು ಬರಿಸಿ ಮತ್ತೊಂದು ಹಡಗಿಗೆ ಸಾಗಿಸುವ 'ದಿ ಲಾಂಗ್ ವಾಯೇಜ್ ಹೋಮ್' ನಿಮ್ಮ ಅಕ್ಟೋಬರ್ ಸಂಚಿಕೆಯಲ್ಲಿ ಬಂತು. ಮುಂದಿನ ವರ್ಷ ಉಳಿದೆರಡೂ ಅಚ್ಚಾದವು. ಆಗ ಬ್ರಾಡ್‌ವೇ ಅವನತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. 1936ರಲ್ಲಿ ನೊಬೆಲ್ ಬಂದ ಮೇಲೆ ಹೊಗಳುವವರಿಗೇನು ಕಡಿಮೆ? ಹೊಗಳುವುದಕ್ಕೆ ಎದೆಗಾರಿಕೆ ಬೇಕಿದ್ದ ಕಾಲದಲ್ಲಿ ನೀವಿದ್ದಿರಿ. ಅವನ 'ವೆಲ್ಡೆಡ್' ನಾಟಕ ಹಿಡಿಸದಾಗ ಅದನ್ನೂ ಅವನಿಗೆ ಮುಚ್ಚಿಡಲಿಲ್ಲ. ಸ್ನೇಹ ಮುರಿಯಲಿಲ್ಲ. ಇದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಜಗತ್ತಿನ ದೊಡ್ಡ ಪ್ರಶ್ನೆಗಳು ತಮ್ಮನ್ನು ತಟ್ಟುವುದಿಲ್ಲವೆಂದು ಬರೆದುಕೊಂಡವರು ನೀವು. ಆ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ನಿಮ್ಮ ಪತ್ರಿಕೆಯೇ ಕಾರಣ. 1924ರಲ್ಲಿ ನೀವಿಬ್ಬರೂ ಕಟ್ಟಿದ 'ದಿ ಅಮೆರಿಕನ್ ಮರ್ಕ್ಯುರಿ'ಯ ಎರಡನೆಯ ಸಂಚಿಕೆಯಲ್ಲೇ ಓನೀಲನ 'ಆಲ್ ಗಾಡ್ಸ್ ಚಿಲ್ಲನ್ ಗಾಟ್ ವಿಂಗ್ಸ್' ಅಚ್ಚಾಯಿತು. ಕಪ್ಪು ಗಂಡ, ಬಿಳಿ ಹೆಂಡತಿ. ಅವನ ಕೈಗೆ ಅವಳು ಮುತ್ತಿಡುವ ಒಂದು ದೃಶ್ಯ. ಪರದೆ ಏಳುವ ಮುಂಚೆಯೇ ದೇಶ ಹೊತ್ತಿ ಉರಿಯಿತು, ಬೆದರಿಕೆ ಪತ್ರಗಳು ಬಂದವು. ಮೇ 15ರ ಮೊದಲ ಪ್ರದರ್ಶನದಲ್ಲಿ ಮಕ್ಕಳು ನಟಿಸಲು ನಗರಾಡಳಿತ ಅನುಮತಿ ಕೊಡಲಿಲ್ಲ. ಮಕ್ಕಳಿದ್ದ ಮೊದಲ ದೃಶ್ಯವನ್ನು ನಿರ್ದೇಶಕರು ಓದಿ ಹೇಳಿದರು. ಆಮೇಲೆ ಗಂಡನ ಪಾತ್ರದಲ್ಲಿ ಪಾಲ್ ರೋಬ್ಸನ್ ರಂಗಕ್ಕೆ ಬಂದರು. ಏನೂ ತಟ್ಟದವರ ಪತ್ರಿಕೆ ಇಂಥ ನಾಟಕಕ್ಕೆ ಜಾಗ ಕೊಡುತ್ತದೆಯೇ, ನೇಥನ್ ಅವರೇ?

ಒಂದು ತಕರಾರಿದೆ, ನೇರವಾಗಿಯೇ ಹೇಳುತ್ತೇನೆ. 'ದಿ ಗ್ಲಾಸ್ ಮೆನಾಜರಿ'ಯಲ್ಲಿ ಲಾರಾ ಆಗಿದ್ದ ಜೂಲಿ ಹೇಡನ್ ನಿಮಗೆ ಬೇಕಾದವರಾಗಿದ್ದರು. ಅದರ ತಾಲೀಮಿನ ಹೊತ್ತಿನಲ್ಲಿ ನಾಟಕ ಹೇಗೆ ಬದಲಾಗಬೇಕೆಂಬ ಸಲಹೆಯಲ್ಲೂ ನಿಮ್ಮ ಪಾಲಿತ್ತು. ವಿಮರ್ಶಕನ ಕುರ್ಚಿಗೂ ರಂಗಕ್ಕೂ ನಡುವಿನ ಗೆರೆಯನ್ನು ಅಲ್ಲಿ ನೀವೇ ಅಳಿಸಿದಿರಿ. ನಾಟಕ ಬರೆದ ಯುವಕ ಟೆನ್ನೆಸ್ಸಿ ವಿಲಿಯಮ್ಸ್‌ಗೆ ಅದು ನ್ಯಾಯವಾಗಿರಲಿಲ್ಲ.

ನ್ಯೂಯಾರ್ಕಿನ 44ನೆಯ ಬೀದಿಯ ರಾಯಲ್ಟನ್ ಹೋಟೆಲಿನಲ್ಲಿ ದಶಕಗಳ ಕಾಲ ಒಂಟಿಯಾಗಿದ್ದು, ಬ್ರಹ್ಮಚರ್ಯದ ಸುಖದ ಮೇಲೆ ಪುಸ್ತಕವನ್ನೇ ಬರೆದ ನೀವು 1955ರಲ್ಲಿ, 73ರ ವಯಸ್ಸಿನಲ್ಲಿ, ಅದೇ ಜೂಲಿಯ ಕೈಹಿಡಿದಿರಿ. ಓದಿದಾಗ ನನಗೆ ನಿಜಕ್ಕೂ ಸಂತೋಷವಾಯಿತು.

ನೀವು ಬಿಟ್ಟುಹೋದ ಹಣದಿಂದ, ನೀವು ಓದಿದ ಕಾರ್ನೆಲ್ ವಿಶ್ವವಿದ್ಯಾಲಯ ಈಗಲೂ ನಿಮ್ಮ ಹೆಸರಿನಲ್ಲಿ ರಂಗವಿಮರ್ಶೆಗೆ ಪ್ರಶಸ್ತಿ ಕೊಡುತ್ತಿದೆ. ನನಗೊಂದೇ ಆಸೆ: ಅದನ್ನು ಪಡೆಯುವವರು ಒಮ್ಮೆ 1917ರ ಆ ಅಕ್ಟೋಬರ್ ಸಂಚಿಕೆಯನ್ನು ಕೈಯಲ್ಲಿ ಹಿಡಿದು, ಓಲ್ಸನ್ ಊರಿಗೆ ಹೊರಟು ನಿಂತ ಪುಟವನ್ನು ಓದಲಿ.

ಇಂತಿ,
ಕೊನೆಯ ಅಂಕದವರೆಗೂ ಕೂರುವ ಒಬ್ಬ ಕನ್ನಡ ಪ್ರೇಕ್ಷಕ