ಪಿಸ್ಟನ್ ಮೇಲೆ ಉಳಿಯುವ ಜಾಗ

ಡೆಟ್ರಾಯಿಟ್ ಸುತ್ತಮುತ್ತ ಮನೆ ಮಾಡಿದವರಿಗೆ ಇದು ಹೊಸ ವಿಷಯವೇನಲ್ಲ. ಪಕ್ಕದ ಮನೆಯವರು ಕಾರಿನ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರಾಗಿರುತ್ತಾರೆ. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರುವುದಿಲ್ಲ, ಎಂಜಿನ್ನಿಗೆ ಇರುತ್ತದೆ. ನಮ್ಮ ಬೇಲಿಯಾಚೆಯ ಮಹಾಶಯರದೂ ಅದೇ ಕಥೆ. ಸ್ಟ್ಯಾಂಡಿನ ಮೇಲೆ ಷೆವರ್ಲೆಯ 454 ಬಿಗ್ ಬ್ಲಾಕ್ ವಿರಾಜಮಾನವಾಗಿದೆ. ನಾನು ಹುಲ್ಲು ಕತ್ತರಿಸುವ ಮಷಿನ್ ನಿಲ್ಲಿಸಿ ಬೇಲಿಗೆ ಒರಗಿದರೆ ಮುಗಿಯಿತು, ಆ ಶನಿವಾರದ ಬೆಳಗು ಹೋದ ಹಾಗೆಯೇ.

454 ಎಂದರೆ ಘನ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 7.4 ಲೀಟರ್. ಎಂಟು ಸಿಲಿಂಡರ್, 4.25 ಇಂಚು ಬೋರ್, 4 ಇಂಚು ಸ್ಟ್ರೋಕ್. ಒಂದೊಂದು ಸಿಲಿಂಡರಿಗೆ ಹತ್ತಿರ ಹತ್ತಿರ 930 ಸಿಸಿ. ಊರಲ್ಲಿ ನಮ್ಮ ಮನೆಯಲ್ಲಿದ್ದ ಮಾರುತಿ 800ಕ್ಕೆ ಮೂರು ಸಿಲಿಂಡರೂ ಸೇರಿ 796 ಸಿಸಿ. ಇಡೀ ಸಂಸಾರವನ್ನು, ಜೊತೆಗೆ ಹಲಸಿನ ಹಣ್ಣನ್ನೂ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತಿದ ಎಂಜಿನ್ನು ಇವರ ಒಂದು ಸಿಲಿಂಡರಿಗೂ ಸಮನಲ್ಲ! ಹೇಳಿದರೆ ಮಹಾಶಯರು ನಂಬಲಿಲ್ಲ. ಫೋನಿನಲ್ಲಿ ತೆಗೆದು ತೋರಿಸಿದ ಮೇಲೆ, "ಅದರಲ್ಲಿ ಎಷ್ಟು ಜನ ಕೂತಿದ್ರಿ?" ಎಂದರು. ನಿಜ ಹೇಳುವುದು ಬೇಡ ಅನ್ನಿಸಿತು.

ಆದರೆ ಇವರಿಗೆ ಈ 930ರ ಮೇಲೆ ಅಂಥ ಮೋಹವೇನಿಲ್ಲ. ಅದು ಕಂಪನಿ ಕೊಟ್ಟದ್ದು. ಕಟ್ಟುವವನ ಕೈಚಳಕವೆಲ್ಲ ಪಿಸ್ಟನ್ ತುತ್ತತುದಿಗೆ ಬಂದು ನಿಂತಾಗ ಅದರ ಮೇಲೆ ಉಳಿಯುತ್ತದಲ್ಲ, ಆ ಚೂರು ಜಾಗದಲ್ಲಿದೆ. ಅದರಲ್ಲಿ ದೊಡ್ಡ ಪಾಲು ಸಿಲಿಂಡರ್ ಹೆಡ್ಡಿನೊಳಗಿನ ಚೇಂಬರಿನದು. ಜೊತೆಗೆ ಗ್ಯಾಸ್ಕೆಟ್ಟಿನ ದಪ್ಪ, ಪಿಸ್ಟನ್ನಿಗೂ ಬ್ಲಾಕಿನ ಮೇಲ್ಮೈಗೂ ನಡುವಿನ ಸಂದು, ಇವೆರಡಕ್ಕೆ ಸುಮಾರು 14 ಸಿಸಿ. ಓಪನ್ ಚೇಂಬರ್ ಹೆಡ್ಡಿನಲ್ಲಿ 120 ಸಿಸಿ ಆಸುಪಾಸು ಜಾಗ ಇರುತ್ತದೆ. ಚಪ್ಪಟೆ ಪಿಸ್ಟನ್ ಹಾಕಿದರೆ ಒಟ್ಟು 134. 930ನ್ನು ಅದರಿಂದ ಭಾಗಿಸಿ ಒಂದು ಕೂಡಿಸಿ: ಕಂಪ್ರೆಷನ್, ಅಂದರೆ ಒಳಗೆಳೆದದ್ದು ಎಷ್ಟು ಪಟ್ಟು ಹಿಂಡಿಹೋಗುತ್ತದೆ ಎಂಬ ಲೆಕ್ಕ, ಎಂಟನ್ನೂ ಮುಟ್ಟುವುದಿಲ್ಲ. ಇಷ್ಟು ದೊಡ್ಡ ದೇಹಕ್ಕೆ ಇಷ್ಟು ಸಣ್ಣ ಉಸಿರು. ಅದಕ್ಕೇ ಪಿಸ್ಟನ್ನಿನ ನೆತ್ತಿಗೊಂದು ಗುಮ್ಮಟ ಇಡುತ್ತಾರೆ. 27 ಸಿಸಿಯ ಗುಮ್ಮಟ ಜಾಗ ತಿಂದರೆ ಉಳಿಯುವುದು 107, ಕಂಪ್ರೆಷನ್ 9.7.

ಹಳೆಯ ಕ್ಲೋಸ್ಡ್ ಚೇಂಬರ್ ಹೆಡ್ಡೂ ಇದೆಯಲ್ಲ, 100 ಸಿಸಿ ಆಸುಪಾಸಿನದು, ಅದನ್ನೇ ಹಾಕಿ ಎಂದೆ. ಕಾಗದದ ಮೇಲೆ ಅದೇ ಪಿಸ್ಟನ್ನಿಗೆ 11.7 ಬರುತ್ತದೆ. ಮಹಾಶಯರು ನಕ್ಕರು. ಓಪನ್ ಚೇಂಬರಿಗೆಂದು ಮಾಡಿದ ಗುಮ್ಮಟ ಕ್ಲೋಸ್ಡ್ ಚೇಂಬರಿನ ಗೋಡೆಗೆ ಹೋಗಿ ಗುದ್ದುತ್ತದೆ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹೆಡ್ಡು ಹೊತ್ತು ತಂದು ಬೋಲ್ಟ್ ಬಿಗಿದವರ ಕಥೆಗಳು ಇವರ ಬಳಿ ಬೇಕಾದಷ್ಟಿವೆ. ಹಾಗಾಗಬಾರದೆಂದೇ ಮಕ್ಕಳಾಡುವ ಬಣ್ಣದ ಜೇಡಿಮಣ್ಣನ್ನು ಪಿಸ್ಟನ್ ಮೇಲೆ ಮೆತ್ತಿ, ಹೆಡ್ಡು ಕೂರಿಸಿ, ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಿ, ಮತ್ತೆ ಬಿಚ್ಚಿ, ಆ ಮಣ್ಣನ್ನು ಬ್ಲೇಡಿನಿಂದ ಸೀಳಿ ಎಷ್ಟು ದಪ್ಪ ಉಳಿದಿದೆ ಎಂದು ನೋಡುತ್ತಾರೆ. ಕೋಟಿ ಬೆಲೆಯ ಯಂತ್ರ ಬೇಕಿಲ್ಲ.

ಚೇಂಬರ್ ಅಳೆಯುವುದಂತೂ ನೋಡುವಂಥದ್ದು. ಹೆಡ್ಡನ್ನು ಅಂಗಾತ ಮಲಗಿಸಿ, ವಾಲ್ವು, ಸ್ಪಾರ್ಕ್ ಪ್ಲಗ್ಗು ಹಾಕಿ, ಚೇಂಬರಿನ ಅಂಚಿಗೆ ಬೆರಳಿನಿಂದ ಗ್ರೀಸು ಸವರಿದರು. ಮೇಲೆ ತೂತು ಕೊರೆದ ಅಕ್ರಿಲಿಕ್ ಹಾಳೆ ಒತ್ತಿದರು. ಪಿಯುಸಿಯ ಕೆಮಿಸ್ಟ್ರಿ ಲ್ಯಾಬಿನ ಬ್ಯುರೆಟ್ಟು ನೆನಪಿದೆಯೆ? ಅದೇ. ಅದರಿಂದ ಬಣ್ಣ ಬೆರೆಸಿದ ಸ್ಪಿರಿಟ್ಟು ಸಣ್ಣಗೆ ಇಳಿಯುತ್ತಿದ್ದರೆ ನಾವಿಬ್ಬರೂ ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದೆವು. ಕೊನೆಗೊಂದು ಗುಳ್ಳೆ ಹಾಳೆಯಡಿ ಸಿಕ್ಕಿಹಾಕಿಕೊಳ್ಳುತ್ತದೆ. ಹೆಡ್ಡನ್ನು ಸ್ವಲ್ಪ ವಾಲಿಸಿ ಅದನ್ನು ತೂತಿನ ಕಡೆಗೆ ಪುಸಲಾಯಿಸಬೇಕು. ಕೆಟಲಾಗಿನಲ್ಲಿ 120 ಎಂದು ಅಚ್ಚಾಗಿದ್ದದ್ದು ಇಲ್ಲಿ 122 ಬಂತು. ಎರಡು ಸಿಸಿಗೆ ಕಂಪ್ರೆಷನ್ 9.7ರಿಂದ ಸುಮಾರು 9.5ಕ್ಕಿಳಿಯುತ್ತದೆ. ಓಡಿಸುವವನಿಗೆ ತಿಳಿಯುವ ವ್ಯತ್ಯಾಸವಲ್ಲ, ಆದರೂ ಮಹಾಶಯರು ಚೀಟಿಯಲ್ಲಿ ಬರೆದುಕೊಂಡದ್ದು ಜಾತಕ ಬರೆಯುವ ಜೋಯಿಸರ ಗಾಂಭೀರ್ಯದಲ್ಲಿ.

ಹಾಗಾದರೆ ಹೆಡ್ಡಿನ ಮುಖವನ್ನೇ ಒಂದಷ್ಟು ಕೆರೆಸಿ ಜಾಗ ಕಡಿಮೆ ಮಾಡಬಾರದೇ? ನಮ್ಮ ಕಡೆ ಆರ್‌ಎಕ್ಸ್ 100 ಹುಡುಗರು ಮಾಡುತ್ತಿದ್ದದ್ದು ಅದೇ. ಹೆಡ್ಡನ್ನು ಲೇತಿಗೆ ಕೊಟ್ಟು ಫೇಸಿಂಗ್ ಹೊಡೆಸಿ, ಸಂಜೆಯೇ ರಸ್ತೆಗಿಳಿಸುತ್ತಿದ್ದರು. ಅದು ಒಂಟಿ ಸಿಲಿಂಡರು, ನಡೆಯುತ್ತದೆ. ವಿ ಆಕಾರದ ಎಂಜಿನ್ನಿನಲ್ಲಿ ಎರಡು ಹೆಡ್ಡೂ ಕೆಳಗಿಳಿದರೆ ನಡುವೆ ಕೂರುವ ಮ್ಯಾನಿಫೋಲ್ಡಿನ ಬೋಲ್ಟ್ ತೂತುಗಳು ಸೇರುವುದಿಲ್ಲ. ಆಮೇಲೆ ಅದನ್ನೂ ಕೆರೆಸಬೇಕು.

ಅಷ್ಟಕ್ಕೂ ಕಂಪ್ರೆಷನ್ ಏರಿಸಿದಷ್ಟೂ ಲಾಭವೆಂಬುದು ಅರ್ಧ ಸತ್ಯ. ಪುಸ್ತಕದ ಆದರ್ಶ ಲೆಕ್ಕದಲ್ಲಿ 8ರಲ್ಲಿ ಶೇ. 56ರಷ್ಟಿರುವ ದಕ್ಷತೆ 10ಕ್ಕೆ ಹೋದಾಗ 60 ಆಗುತ್ತದೆ, 12ಕ್ಕೆ ಹೋದಾಗ 63. ಏರಿದಂತೆಲ್ಲ ಸಿಗುವುದು ಕಡಿಮೆ, ತಲೆನೋವು ಹೆಚ್ಚು. ಕಿಡಿ ಹತ್ತಿಸಿದ ಜ್ವಾಲೆ ತಲುಪುವ ಮೊದಲೇ ಮೂಲೆಯ ಪೆಟ್ರೋಲು ತಾನಾಗಿ ಸಿಡಿದರೆ ನಾಕಿಂಗು, ಕಟಕಟ ಸದ್ದು, ಕಡೆಗೆ ತೂತು ಬಿದ್ದ ಪಿಸ್ಟನ್. 1970ರಲ್ಲಿ ಷೆವೆಲ್ ಕಾರಿನ ಎಲ್‌ಎಸ್6 ಎಂಬ 454 ಎಂಜಿನ್ 11.25 ಕಂಪ್ರೆಷನ್ನಿನಲ್ಲಿ 450 ಕುದುರೆಶಕ್ತಿ ಕೊಡುತ್ತಿತ್ತು. ಫ್ಯಾನು, ಸೈಲೆನ್ಸರ್ ಕಳಚಿ ಬೆಂಚಿನ ಮೇಲೆ ಅಳೆದ ಕುದುರೆಗಳು ಅವು, ಅದೂ ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. ಮರುವರ್ಷವೇ ಜನರಲ್ ಮೋಟರ್ಸ್ ತನ್ನ ಎಂಜಿನ್ನುಗಳ ಕಂಪ್ರೆಷನ್ ಇಳಿಸಿತು, 91 ಆಕ್ಟೇನಿನ ಪೆಟ್ರೋಲಿನಲ್ಲೇ ಓಡಲಿ ಎಂದು. ಭಾರತದ ಬಂಕಿನ ಸಾದಾ ಪೆಟ್ರೋಲೂ ಬಹುಕಾಲ 91ರದ್ದೇ ಆಗಿತ್ತು. ಇಲ್ಲಿ ಬಂಕಿನ ಮೇಲೆ 87 ಎಂದು ನೋಡಿ ಊರಿಂದ ಬಂದವರು ಆಗ ಮೂಗು ಮುರಿಯುತ್ತಿದ್ದರು. ಅಳೆಯುವ ಪದ್ಧತಿ ಬೇರೆ ಅಷ್ಟೆ, ಮಾಲು ಹೆಚ್ಚುಕಡಿಮೆ ಒಂದೇ ಆಗಿತ್ತು.

ನಾಕಿಂಗಿಗೆ ಹೆದರಿ ಕೆಲವರು ದಪ್ಪ ಗ್ಯಾಸ್ಕೆಟ್ ಹಾಕಿ ಕಂಪ್ರೆಷನ್ ಇಳಿಸುತ್ತಾರೆ. ನನ್ನನ್ನು ಕೇಳಿದರೆ ಅದು ಕಳ್ಳನಿಗೆ ಹೆದರಿ ಬಾಗಿಲೇ ಕಿತ್ತಿಟ್ಟ ಹಾಗೆ. ಪಿಸ್ಟನ್ನಿನ ಚಪ್ಪಟೆ ಭಾಗ ಹೆಡ್ಡಿನ ಚಪ್ಪಟೆ ಭಾಗಕ್ಕೆ ಒಂದು ಮಿಲಿಮೀಟರಿನಷ್ಟು ಹತ್ತಿರ ಬಂದರೆ ನಡುವಿನ ಗಾಳಿ ಪೆಟ್ರೋಲು ಚಿಮ್ಮಿ, ಕಲಕಿ, ಬೇಗ ಉರಿಯುತ್ತದೆ. ಸಂದು ಅಗಲವಾದರೆ ಆ ಚಿಮ್ಮುವಿಕೆ ಸತ್ತು, ಕಡಿಮೆ ಕಂಪ್ರೆಷನ್ನಿನಲ್ಲೂ ಕಟಕಟ ಶುರು. ಓಪನ್ ಚೇಂಬರಿನಲ್ಲಿ ಆ ಚಪ್ಪಟೆ ಭಾಗವೇ ಕಡಿಮೆ, ಇದ್ದಷ್ಟನ್ನಾದರೂ ಉಳಿಸಿಕೊಳ್ಳಬೇಡವೇ? ಇದರಲ್ಲಿ ಮಹಾಶಯರೂ ನಾನೂ ಒಂದೇ ಪಕ್ಷ.

ಜಗಳವಿರುವುದು ಹೆಡ್ಡಿನ ಲೋಹದಲ್ಲಿ. ಅಲ್ಯೂಮಿನಿಯಮ್ಮಿನದು ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಇನ್ನಷ್ಟು ಕಂಪ್ರೆಷನ್ ತಾಳುತ್ತದೆ, ಹಗುರವೂ ಹೌದು, ಅದನ್ನೇ ತರಿಸಿ ಎಂದರೆ ಕೇಳುವುದಿಲ್ಲ. ಆ ಕಾಲದ ಕಾರಿಗೆ ಎರಕದ ಕಬ್ಬಿಣವೇ ಆಗಬೇಕಂತೆ. "ಬಾನೆಟ್ ಮುಚ್ಚಿದ ಮೇಲೆ ಯಾರಿಗೆ ಗೊತ್ತಾಗುತ್ತೆ?" ಎಂದೆ. "ನಿನಗೆ ಗೊತ್ತಾಗಲ್ಲ," ಎಂದರು. ಹೋಗಲಿ, 9.5ಕ್ಕೆ ಒಪ್ಪಿದ್ದಾರೆ, ಬಂಕಿನಲ್ಲಿ ದುಬಾರಿ 93 ಹಾಕಿಸುತ್ತಾರೆ. ಇನ್ನು ಕ್ಯಾಮ್‌ಶಾಫ್ಟಿನ ಮಾತಂತೆ. ಒಳಹರಿವಿನ ವಾಲ್ವು ತಡವಾಗಿ ಮುಚ್ಚಿದರೆ ಹಿಡಿದ ಗಾಳಿಯಲ್ಲಿ ಒಂದಷ್ಟು ವಾಪಸ್ಸು ಹೋಗುತ್ತದೆ, ಆಗ ಈ 9.5 ಬರೀ ಕಾಗದದ ಮೇಲಿನ 9.5. ಎಂದರೆ ಹೊಸ ಚೀಟಿ, ಹೊಸ ಲೆಕ್ಕ.