ಹದಿನಾಲ್ಕನೇ ದಿನದ ಲೆಕ್ಕ

ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ನಮ್ಮ ಹಿತ್ತಲಿಗೂ ಪಕ್ಕದ ಮನೆ ಹಿತ್ತಲಿಗೂ ನಡುವೆ ಆಳೆತ್ತರದ ಮರದ ಬೇಲಿ. ಒಂದು ಹಲಗೆ ಸಡಿಲಾಗಿ ಅಂಗೈಯಗಲ ಸಂದಿ ಬಿಟ್ಟಿದೆ. ಕರಿಬೇವು, ಸಾರಿನ ಪುಡಿ, ಸುಖದುಃಖ ಎಲ್ಲ ಅದರಲ್ಲೇ ಓಡಾಡುತ್ತವೆ. ಶನಿವಾರ ಆ ಕಡೆಯ ಹುಡುಗಿ ಕರಿಬೇವು ಇಸ್ಕೊಂಡವಳು ಒಳಗೆ ಹೋಗದೆ ನಿಂತಳು. ಮೈಸೂರಿನವಳು, ಮೂವತ್ತೊಂದು ವಯಸ್ಸು.

"ಆಂಟಿ, ಈ ಸಲಾನೂ ಹೊರಗಾಗ್ಬಿಟ್ಟೆ. ಮೊನ್ನೆ ಗುರುವಾರ."

ಎಂಟು ತಿಂಗಳಿಂದ ಕಾಯುತ್ತಿದ್ದಾಳೆ. ಗಂಡನಿಗೆ ಸೋಮವಾರದಿಂದ ಗುರುವಾರದವರೆಗೆ ಹ್ಯೂಸ್ಟನ್‌ನಲ್ಲಿ ಕೆಲಸ. ಐ-45ರಲ್ಲಿ ನಾಲ್ಕು ಗಂಟೆಯ ದಾರಿ. "ಹದಿನಾಲ್ಕನೇ ದಿನ ವಾರದ ಮಧ್ಯೆ ಬಂದ್ರೆ ಕರೆಸ್ಕೋತೀನಿ ಆಂಟಿ. ಎರಡು ಸಲ ರಾತ್ರಿ ಬಂದು ಬೆಳಗಿನ ಜಾವ ವಾಪಸ್ ಹೋದ್ರು. ದಾರೀಲಿ ನಿದ್ದೆ ಬಂದ್ರೆ ಅಂತ ನನಗೆ ಜೀವ ಹೋಗತ್ತೆ."

"ಎಷ್ಟು ದಿನಕ್ಕೆ ಆಗ್ತೀಯ?"

"ಮೂವತ್ಮೂರು."

ಎದೆ ಹಿಂಡಿದಂತಾಯಿತು. ಹದಿನಾಲ್ಕು ಹೊಂದುವುದು ಇಪ್ಪತ್ತೆಂಟು ದಿನದವರಿಗೆ. ಅಂಡ ಬಿಡುಗಡೆಯಾಗಿ ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಎಂದು ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾಸ್ 1920ರ ದಶಕದಲ್ಲೇ ಬೇರೆಬೇರೆಯಾಗಿ ಕಂಡುಕೊಂಡಿದ್ದರು. ಲೆಕ್ಕ ಹಿಂದಕ್ಕೆ ಎಣಿಸಬೇಕಾದದ್ದು. ಮೂವತ್ಮೂರರಲ್ಲಿ ಹದಿನಾಲ್ಕು ಕಳೆದರೆ ಹತ್ತೊಂಬತ್ತು. ಈ ಮಗು ಐದು ದಿನ ಮುಂಚೆ ಗಂಡನನ್ನು ಹೆದ್ದಾರಿಗೆ ಇಳಿಸುತ್ತಿದ್ದಳು.

"ಒಂದೇ ರಾತ್ರಿ ಅಂತಾನೂ ಇಲ್ಲ ಕಣಮ್ಮ," ಅಂದೆ. ಅಂಡ ಒಂದು ದಿನ ಬದುಕಿದರೆ ಹೆಚ್ಚು. ವೀರ್ಯಾಣು ಒಳಗೆ ಐದು ದಿನದವರೆಗೂ ಇರಬಲ್ಲದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 221 ಹೆಂಗಸರ ಲೆಕ್ಕ ಇಟ್ಟು 1995ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ಅಂಡ ಬಿಡುಗಡೆಯ ದಿನವೂ ಸೇರಿ ಆರು ದಿನ. ಕೊನೆಯ ಎರಡು ಮೂರು ದಿನ ಹೆಚ್ಚು ಒಳ್ಳೆಯದು ನಿಜ. ಆದರೆ ವಾರಕ್ಕೆ ಮೂರೇ ರಾತ್ರಿ ಹೊರಗಿರುವ ಗಂಡ ಆ ಆರರಲ್ಲಿ ಮೂರು ರಾತ್ರಿಯಾದರೂ ಮನೆಯಲ್ಲಿ ಇದ್ದೇ ಇರುತ್ತಾನೆ.

ದಿನವೂ ಬೆಳಿಗ್ಗೆ ಥರ್ಮಾಮೀಟರ್ ಇಡುತ್ತಾಳಂತೆ. ಮೈಬಿಸಿ ಏರುವುದು ಅಂಡ ಹೊರಬಂದ ಮೇಲೆ. ಅದು ಆಗಿಹೋದದ್ದನ್ನು ಹೇಳುತ್ತದೆ, ಬರುವುದನ್ನಲ್ಲ. ಮೂತ್ರದ ಪಟ್ಟಿಯಲ್ಲಿ ಗೆರೆ ಗಾಢವಾದರೆ ಒಂದು ಒಂದೂವರೆ ದಿನ ಮುಂಚೆ ಗೊತ್ತಾಗುತ್ತದೆ. ಮೊಟ್ಟೆಯ ಬಿಳಿಯಂತೆ ಎಳೆಯಾಗುವ ಬಿಳಿಸೆರಗು ಅದಕ್ಕೂ ಮೊದಲೇ ಸುಳಿವು ಕೊಡುತ್ತದೆ.

ಈ ದಿನಗಳನ್ನೆಲ್ಲ ಫೋನಿನಲ್ಲಿ ಬರೆದಿಡುವುದು ನನಗೆ ಇಷ್ಟವಿಲ್ಲ. ಮುಟ್ಟಿನ ಲೆಕ್ಕ ಇಡುವ ಫ್ಲೋ ಆ್ಯಪ್ ಹೆಂಗಸರ ಖಾಸಗಿ ವಿವರವನ್ನು ಫೇಸ್‌ಬುಕ್, ಗೂಗಲ್‌ನಂಥವರಿಗೆ ದಾಟಿಸಿತೆಂದು ಸರ್ಕಾರದ ವ್ಯಾಪಾರ ಆಯೋಗವೇ ಆರೋಪಿಸಿ 2021ರಲ್ಲಿ ರಾಜಿಯಾಯಿತು. ಮರುವರ್ಷ ಆಗಸ್ಟ್ 25ರಿಂದ ಟೆಕ್ಸಸ್‌ನಲ್ಲಿ ಗರ್ಭಪಾತಕ್ಕೆ ಹೆಚ್ಚುಕಡಿಮೆ ಪೂರ್ತಿ ನಿಷೇಧ. ಯಾರಾದರೂ ಗರ್ಭ ಕಳೆದುಕೊಂಡರೆ ಆ ದಿನಾಂಕಗಳು ಯಾರ ಕೈಯಲ್ಲಿರುತ್ತವೆ? ಅಡಿಗೆಮನೆ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಚುಕ್ಕೆ ಇಡುತ್ತಿದ್ದಳು ನಮ್ಮಮ್ಮ. ನನಗೆ ಅದೇ ಸರಿ.

"ಇನ್ನು ನಾಲ್ಕು ತಿಂಗಳು ನೋಡು. ಆಗ್ಲಿಲ್ಲ ಅಂದ್ರೆ ಡಾಕ್ಟರ ಹತ್ರ ಇಬ್ಬರೂ ಹೋಗಿ. ಅವನ ಪರೀಕ್ಷೆ ಸುಲಭ, ಮೊದಲೇ ಮಾಡಿಸಿ," ಅಂದೆ. ಮೂವತ್ತೈದು ದಾಟಿದವಳಾಗಿದ್ದರೆ ಆರೇ ತಿಂಗಳಿಗೆ ಕಳಿಸುತ್ತಿದ್ದೆ. ಯುಗಾದಿ ಊಟದ ಸಾಲಿನಲ್ಲಿ ನಾಲ್ಕು ಜನ ಇವಳನ್ನೇ "ಏನಮ್ಮಾ, ವಿಶೇಷ?" ಎಂದು ಕೇಳಿದ್ದರು. ಗಂಡನನ್ನು ಒಬ್ಬರೂ ಕೇಳಿರಲಿಲ್ಲ.

ಹುಡುಗಿ ಕರಿಬೇವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೆರಳಿನ ಗಿಣ್ಣು ಎಣಿಸತೊಡಗಿದಳು. "ಹದಿನಾಲ್ಕು ಬುಧವಾರ ಬರತ್ತೆ. ಅವತ್ತೇ ಬನ್ನಿ ಅನ್ನೋದರಲ್ಲಿದ್ದೆ." ಮತ್ತೆ ಎಣಿಸಿದಳು. "ಹತ್ತೊಂಬತ್ತು ಸೋಮವಾರ. ಅಂದ್ರೆ ಗುರುವಾರದಿಂದ ಭಾನುವಾರ... ಆಂಟಿ, ಅಷ್ಟೂ ದಿನ ಇವರು ಮನೇಲೇ ಇರ್ತಾರೆ!"