ನಾಳೆ ರಜೆ ಉಂಟಾ ಮಾವ?

ದಕ್ಷಿಣ ಕನ್ನಡದ ಯಾವ ಊರಿಗೆ ಬೇಕಾದರೂ ಹೋಗಿ, ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಅಲ್ಲೊಬ್ಬರು ರಜೆ ಮಾವ ಇದ್ದೇ ಇರುತ್ತಾರೆ. ನಿವೃತ್ತರು. ಮಕ್ಕಳು ಬೆಂಗಳೂರೋ ದುಬೈಯೋ ಸೇರಿ ಕಾಲವಾಯಿತು. ಮನೆಯಲ್ಲಿ ಶಾಲೆಗೆ ಹೋಗುವ ಒಂದು ಜೀವವೂ ಇಲ್ಲ. ಆದರೂ ನಾಳೆ ರಜೆ ಉಂಟೋ ಇಲ್ಲವೋ ಎಂಬುದು ಊರಿಗಿಂತ ಮೊದಲು ಅವರಿಗೆ ಗೊತ್ತಾಗಬೇಕು.

ರಜೆ ಕೊಡುವುದು ಜಿಲ್ಲಾಧಿಕಾರಿ ಎಂಬುದನ್ನು ಮಾವ ಅಲ್ಲಗಳೆಯುವುದಿಲ್ಲ. ಆದರೆ ಆ ಆದೇಶ ಬರುವುದು ರಾತ್ರಿ ಒಂಬತ್ತಕ್ಕೆ; ಗ್ರಹಚಾರ ಕೆಟ್ಟರೆ ಬೆಳಿಗ್ಗೆ, ಶಾಲಾ ವ್ಯಾನು ಅರ್ಧ ದಾರಿ ದಾಟಿದ ಮೇಲೆ. ಮಾವನ ತೀರ್ಪು ಸಂಜೆಯ ಚಹಾಕ್ಕೇ ತಯಾರು. ಆಕಾಶ ನೋಡಿ ರಜೆ ಹೇಳುವವರನ್ನು ಕಂಡರೆ ಅವರಿಗೆ ಕನಿಕರ. ಅವರು ನೋಡುವುದು ಹವಾಮಾನ ಇಲಾಖೆಯ ಬಣ್ಣ. "ಯೆಲ್ಲೋ ಆದ್ರೆ ಸುಮ್ಮನೆ ಶಾಲೆಗೆ ಹೋಗ್ಲಿಕ್ಕೆ ಹೇಳಿ. ಆರೆಂಜ್ ಅಂದ್ರೆ 115.6ರಿಂದ 204.4 ಮಿಲಿಮೀಟರ್. ಅದರ ಮೇಲೆ ರೆಡ್." ಆ 'ಪಾಯಿಂಟ್ ನಾಲ್ಕ'ನ್ನು ಒತ್ತಿ ಹೇಳುವ ಠೀವಿಗೆ, ಮಳೆಮಾಪಕ ಅವರ ಹಿತ್ತಲಲ್ಲೇ ಇರಬೇಕೆಂದು ಯಾರಿಗಾದರೂ ಅನಿಸೀತು. ಆಮೇಲೆ ಉಪ್ಪಿನಂಗಡಿಯ ಸಂಗಮದಲ್ಲಿ ಇನ್ನೆಷ್ಟು ಮೆಟ್ಟಿಲು ಕಾಣುತ್ತಿದೆ, ಕಾಸರಗೋಡಿನ ಕಲೆಕ್ಟರ್ ಏನಂದರು ಎಂಬ ವಿಚಾರಣೆ. ಕೊನೆಯ ಅಸ್ತ್ರ: "ಉಡುಪಿಗೆ ಕೊಟ್ಟ ಮೇಲೆ ನಮಗೆ ಕೊಡದೆ ಇರ್ತಾರಾ?" ಹವಾಮಾನದ ಶಾಸ್ತ್ರಕ್ಕಿಂತ ಜಿಲ್ಲೆ ಜಿಲ್ಲೆಗಳ ನಡುವಿನ ಈ ಮರ್ಯಾದೆಯ ಶಾಸ್ತ್ರವೇ ಹೆಚ್ಚು ಸಲ ನಿಜವಾಗುತ್ತದೆ, ಅದು ಬೇರೆ ಮಾತು.

ಅವರ ನಿಜವಾದ ವಿದ್ವತ್ತು ಕಾಣುವುದು ನಕಲಿ ಆದೇಶ ಬಂದಾಗ. ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಎರಡು ಬೆರಳಿನಲ್ಲಿ ದಿನಾಂಕವನ್ನು ಹಿಗ್ಗಿಸುತ್ತಾರೆ. "ತಾರೀಕು ಸರಿ. ಜುಲೈ ಸರಿ. ಇಸವಿ ಇರುವಲ್ಲಿಗೇ ಕತ್ತರಿಸಿದ್ದಾರೆ ನೋಡಿ, ಕಳ್ಳರು!" ಬೆರಳು ಕೆಳಗೆ ಜಾರಿ ಸಹಿಯ ಮೇಲೆ ನಿಲ್ಲುತ್ತದೆ. "ಈ ಸಾಹೇಬ್ರು ವರ್ಗ ಆಗಿ ಹೋಗಿಯಾಯ್ತಲ್ಲ ಮಾರಾಯ್ರೆ!" ಕಳಿಸಿದ್ದು ಎಂಟನೆಯ ಕ್ಲಾಸಿನ ಹುಡುಗ, ಅಪ್ಪನ ಫೋನಿನಿಂದ. ಮಾವ ಅವನ ಹೆಸರು ಹೊರಗೆಡಹುವುದಿಲ್ಲ. ಪ್ರತಿಭೆಗೆ ಅವರಲ್ಲಿ ಗೌರವವಿದೆ.

ಬೆಳಿಗ್ಗೆ ಆರೂವರೆಯಿಂದ ತಾಯಂದಿರ ಫೋನು. ಅವರಿಗೆ ಮಿಲಿಮೀಟರು ಬೇಡ.

"ಮಾವ, ಬುತ್ತಿ ಕಟ್ಲಾ ಬೇಡ್ವಾ?"

"ಬುತ್ತಿ ಕಟ್ಟಿ. ಯೂನಿಫಾರ್ಮ್ ಹಾಕ್ಬೇಡಿ."

ಪಕ್ಕದ ಮನೆಯ ಬ್ಯಾಂಕಿನವರು ಗೇಟಿನಲ್ಲಿ ಕೊಡೆ ಬಿಡಿಸುತ್ತಾ, "ನಮಗೂ ಉಂಟಾ ಮಾವ?" ಎಂದು ಆಸೆಯಿಂದ ಕೇಳುತ್ತಾರೆ. "ಅಂಗನವಾಡಿಯಿಂದ ಪಿಯುಸಿವರೆಗೆ ಅಂತ ಬರೆದದ್ದು. ನೀವು ಯಾವುದರಲ್ಲಿ?" ಬ್ಯಾಂಕಿನವರು ಪ್ಯಾಂಟು ಮಡಚಿಕೊಂಡು ನೀರಿಗಿಳಿಯುತ್ತಾರೆ.

ಇಷ್ಟೆಲ್ಲ ಆಗಿ ರಜೆ ಸಿಕ್ಕ ದಿನ ಒಂಬತ್ತು ಗಂಟೆಗೆ ಬಿಸಿಲು ಬರುತ್ತದೆ. ಬರೇ ಬಿಸಿಲಲ್ಲ, ಹಪ್ಪಳ ಒಣಗಿಸುವಂಥದ್ದು. ಮಕ್ಕಳು ಗದ್ದೆಯಲ್ಲಿ ಕ್ರಿಕೆಟ್ ಶುರುಮಾಡಿದ್ದನ್ನು ಯಾರೋ ತೋರಿಸಿದರೆ ಮಾವ ಅಲುಗುವವರಲ್ಲ. "ರಜೆ ಕೊಟ್ಟದ್ದು ಮಳೆಗಲ್ಲ, ಅಲರ್ಟಿಗೆ. ಲೆಕ್ಕ ನಾಳೆ ಬೆಳಿಗ್ಗೆ ಎಂಟೂವರೆವರೆಗೆ ಉಂಟು. ಕಾದು ನೋಡಿ."

ಆದೇಶದ ಕೊನೆಯಲ್ಲಿ ಒಂದು ಸಾಲಿರುತ್ತದೆ: ರಜೆಯ ಪಾಠಗಳನ್ನು ಮುಂದಿನ ದಿನಗಳಲ್ಲಿ ಸರಿದೂಗಿಸತಕ್ಕದ್ದು. ಮಾವ ಗ್ರೂಪಿಗೆ ಓದಿ ಹೇಳುವಾಗ ಅಲ್ಲಿಗೆ ಬರುವಷ್ಟರಲ್ಲಿ ಅವರಿಗೆ ಕೆಮ್ಮು ಬರುತ್ತದೆ. ಮಳೆ ಬಿಟ್ಟ ಮೇಲೆ ಶನಿವಾರ ಸಂಜೆ ನಾಲ್ಕಕ್ಕೆ, ಪೂರ್ತಿ ದಿನ ಕ್ಲಾಸು ಮುಗಿಸಿದ ಮಕ್ಕಳ ದಂಡು ಬ್ಯಾಗು ಎಳೆಯುತ್ತಾ ಅವರ ಗೇಟಿಗೆ ಬರುತ್ತದೆ.

"ಮಾವ, ಇನ್ನೂ ಮೂರು ಶನಿವಾರ ಹೀಗೇ ಅಂತೆ, ಹೌದಾ?"

"ಅದು ಶಿಕ್ಷಣ ಇಲಾಖೆಗೆ ಬರ್ತದೆ ಮಕ್ಕಳೇ. ನಾನು ಮಳೆಯದ್ದು ಮಾತ್ರ ನೋಡುವುದು."